ಉಳ್ಳಾರ್ತಿ ಕಾವಲಿನ ಚಂದ್ರಲೋಕ

ಚಂದ್ರನ ಮೇಲೆ ಕುಳಿಗಳಿವೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಚಂದ್ರನ ಕುಳಿಗಳು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿಯೂ ಇವೆ ಎಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಚಂದ್ರಯಾನ-2ರ ಲ್ಯಾಂಡರ್ ತಗ್ಗು ದಿಣ್ಣೆಗಳನ್ನು ಗುರುತಿಸಿ ಇಳಿಯಬಲ್ಲದೇ ಎಂದು ಪರೀಕ್ಷಿಸುವ ಸಲುವಾಗಿ ಇಸ್ರೋ ಸಂಸ್ಥೆಯು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನಲ್ಲಿ ಚಂದ್ರನ ಮೈಯನ್ನು ಹೋಲುವ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ವಿಮಾನ ಹಾರಿಸಿ ನೋಡಿತು. ಸಿದ್ಧ ಕುಳಿಗಳು ಬೆಂಗಳೂರಿನ ರಸ್ತೆಗಳಲ್ಲಿಯೇ ಧಾರಾಳವಾಗಿದ್ದವಲ್ಲ ಎಂಬ ಹಳಸಲು ಹಾಸ್ಯವನ್ನು ನಾನು ಮಾಡುವುದಿಲ್ಲ. ರಸ್ತೆಯ ಕುಳಿಗಳ ಸುತ್ತ ಜನರಿರುತ್ತಾರೆ. ಚಂದ್ರನಾಗಬೇಕಾದ ನೆಲಕ್ಕೆ ಕುಳಿಗಿಂತ ಮೊದಲು ಬೇಕಾದ ಅರ್ಹತೆ ನಿರ್ಜನತೆ, ಮತ್ತು ಅದನ್ನು ಗುದ್ದಲಿಯಿಂದ ತೋಡಲು ಬರುವುದಿಲ್ಲ, ಕಡತದಲ್ಲಿಯೇ ಸೃಷ್ಟಿಸಬೇಕು.

ಆ ಕೆಲಸ 2010ರ ಆಸುಪಾಸಿನಲ್ಲಿ ಅಚ್ಚುಕಟ್ಟಾಗಿ ನೆರವೇರಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ, ರಕ್ಷಣಾ ಸಂಶೋಧನೆಗೆ ನಾಲ್ಕು ಸಾವಿರಕ್ಕೂ ಮಿಕ್ಕು, ಅಣು ಸಂಶೋಧನೆಗೆ ಬೇರೆ ಪಾಲು, ಹೀಗೆ ಅಮೃತ ಮಹಲ್ ದನಗಳಿಗೆಂದು ಮೀಸಲಾಗಿದ್ದ ಕಾವಲಿನ ಹುಲ್ಲುಗಾವಲು ಮದುವೆಮನೆಯ ತಾಂಬೂಲದಂತೆ ಹಂಚಿಹೋಯಿತು. ಹುಲ್ಲು ಬೆಳೆಯುವ ನೆಲದಲ್ಲಿ ಭತ್ತ ಬೆಳೆಯುವುದಿಲ್ಲವಾದ್ದರಿಂದ ಅದು ಪಾಳು ಎಂಬುದು ಕಚೇರಿಯ ತರ್ಕ. ಆ ಪಾಳಿನ ಮೇಲೆ ಕುರಿ ಮೇಯುತ್ತದೆ, ಕುರಿಯ ಉಣ್ಣೆ ಚಳ್ಳಕೆರೆಯ ಕಂಬಳಿಯಾಗುತ್ತದೆ, ಪಶುಪಾಲಕ ಸಮುದಾಯವಾದ ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳೆಂಬ ದನಗಾಹಿಗಳು ತಲೆತಲಾಂತರದಿಂದ ಅಲ್ಲಿಯೇ ಮೇಯಿಸುತ್ತಾರೆ ಎಂಬುದಕ್ಕೆಲ್ಲ ಪಹಣಿಯಲ್ಲಿ ಕಾಲಂ ಇಲ್ಲ. ಮೂರೂಮುಕ್ಕಾಲು ಲಕ್ಷ ಕಿಲೋಮೀಟರು ಆಚೆಯ ಚಂದ್ರನಲ್ಲಿ ನೀರಿನ ಅಣುವಿದೆಯೆಂದು 2009ರಲ್ಲಿ ಲೋಕಕ್ಕೆ ಸಾರಿದ ದೇಶಕ್ಕೆ, ಅದೇ ಹೊತ್ತಿನಲ್ಲಿ ಬೆಂಗಳೂರಿನಿಂದ ನಾಲ್ಕೈದು ತಾಸಿನ ದಾರಿಯ ಕಾವಲಿನಲ್ಲಿ ಒಬ್ಬ ಕುರಿಗಾಹಿಯೂ ಪತ್ತೆಯಾಗದೆ ಹೋದದ್ದು ಉಪಕರಣದ ದೋಷವಿರಲಾರದು.

ಕುರಿಗಾಹಿಗಳ ಕಡೆಯಿಂದ ನೋಡಿದರೆ ಸಂಶೋಧನೆ ತಿರುವುಮುರುವಾಗಿ ನಡೆಯಿತು. ಅವರು ಮೊದಲು ಹಂಚಿಹೋದ ನೆಲದ ಸುತ್ತ ಎದ್ದ ಗೋಡೆಯನ್ನು ಕಂಡುಹಿಡಿದರು, ಆಮೇಲೆ ಅದರ ಕಾರಣವನ್ನು. 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು, ಮರುವರ್ಷ ತೀರ್ಪೂ ಬಂತು, ಗೋಡೆಗಳು ನಿಂತಲ್ಲಿಯೇ ನಿಂತವು. ಹಿಂದೆ ಇಂಥ ಕೆಲಸಗಳನ್ನು ಮಾಡುವ ರೀತಿ ಸ್ವಲ್ಪ ಹಳೆಯ ಕಾಲದ್ದಾಗಿತ್ತು. ಕೇರಳದ ತುಂಬಾದಲ್ಲಿ ರಾಕೆಟ್ ಹಾರಿಸಲು ಮೀನುಗಾರರ ನೆಲ ಬೇಕಾದಾಗ ವಿಕ್ರಮ್ ಸಾರಾಭಾಯಿಯವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಾಣಲು ಹೋದರೆಂದೂ, ಬಿಷಪ್ಪರು ಭಾನುವಾರದ ಪ್ರಾರ್ಥನೆಗೆ ಬಂದ ಜನರನ್ನೇ ಕೇಳಿ ಒಪ್ಪಿಗೆ ಪಡೆದರೆಂದೂ ಅಬ್ದುಲ್ ಕಲಾಂ ಹೇಳುತ್ತಿದ್ದರು. ಚರ್ಚು ಕಚೇರಿಯಾಯಿತು, ದನದ ಕೊಟ್ಟಿಗೆ ಪ್ರಯೋಗಾಲಯವಾಯಿತು, 1963ರ ನವೆಂಬರ್ 21ರಂದು ಮೊದಲ ರಾಕೆಟ್ಟು ಹಾರಿತು. ಜನರನ್ನು ಕೇಳಿದ್ದರಿಂದ ರಾಕೆಟ್ಟಿನ ವೇಗವೇನೂ ಕಡಿಮೆಯಾಗಲಿಲ್ಲ ಎಂಬುದನ್ನು ತಾಂತ್ರಿಕ ಸಮಿತಿಗಳು ಗಮನಿಸಬಹುದು.

ದನದ ಕೊಟ್ಟಿಗೆಯಲ್ಲಿ ಆರಂಭವಾದ ಈ ಸಂಬಂಧ ಮುಂದೆ ಇನ್ನೂ ಗಟ್ಟಿಯಾಯಿತು. 1981ರಲ್ಲಿ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹದ ಅಡಚಣೆಯಿಲ್ಲದ ಪೀಠವೊಂದು ಬೇಕಾದಾಗ, ಇಸ್ರೋ ಅದನ್ನು ಎತ್ತಿನ ಗಾಡಿಯ ಮೇಲೇರಿಸಿತು. ಆ ಛಾಯಾಚಿತ್ರ ಇಂದಿಗೂ ಪ್ರತಿ ಉಡಾವಣೆಯ ಮರುದಿನ ಎಲ್ಲರ ಫೋನಿನಲ್ಲಿ ಹರಿದಾಡುತ್ತದೆ. ಎಲ್ಲಿಂದ ಎಲ್ಲಿಗೆ ಬಂದೆವು ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರೂ ಉಂಟು. ಎತ್ತು ಎಲ್ಲಿಂದ ಎಲ್ಲಿಗೆ ಬಂತು ಎಂಬ ಪ್ರಶ್ನೆ ಮಾತ್ರ ಆ ಚಿತ್ರದ ಕೆಳಗೆ ಕಾಣುವುದಿಲ್ಲ. ಉತ್ತರ ಚಳ್ಳಕೆರೆಯಲ್ಲಿದೆ: ಗೋಡೆಯ ಹೊರಗಡೆಗೆ. ತಮಾಷೆಯೆಂದರೆ ಕಾವಲು ಹುಟ್ಟಿದ್ದೇ ರಕ್ಷಣಾ ಇಲಾಖೆಗಾಗಿ. ಮೈಸೂರು ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದದ್ದು, ಇಲ್ಲಿ ಮೇದ ಎತ್ತುಗಳು ದಂಡಿನ ಫಿರಂಗಿ ಎಳೆದದ್ದು ಎಲ್ಲವೂ ಚರಿತ್ರೆಯಲ್ಲಿದೆ. ಫಿರಂಗಿಯನ್ನೂ ಉಪಗ್ರಹವನ್ನೂ ಎಳೆದ ಅನುಭವವಿರುವ ಜೀವಿ ಈ ದೇಶದಲ್ಲಿ ಇನ್ನೊಂದಿಲ್ಲ. ಇಷ್ಟು ಸೇವಾವಧಿ ಇರುವ ಬೇರೆ ಯಾವ ನೌಕರನಾಗಿದ್ದರೂ ಆವರಣದೊಳಗೆ ವಸತಿಗೃಹ ಸಿಗುತ್ತಿತ್ತು.

ಇದರಿಂದ ಊರಿಗೆ ಏನೂ ಸಿಗಲಿಲ್ಲ ಎಂದರೆ ಅನ್ಯಾಯವಾದೀತು. ಊರಿಗೆ ಹೊಸ ಬಿರುದು ಸಿಕ್ಕಿದೆ. ಶೇಂಗಾ ಅರೆಯುವ ಗಿರಣಿಗಳಿಂದಾಗಿ ಎಣ್ಣೆ ನಗರಿ ಎನಿಸಿಕೊಂಡಿದ್ದ ಚಳ್ಳಕೆರೆ ಈಗ ವಿಜ್ಞಾನ ನಗರಿ. ಎಣ್ಣೆ ನಗರಿಯಲ್ಲಿ ಎಣ್ಣೆ ಅಂಗಡಿಯಲ್ಲಿ ಸಿಗುತ್ತಿತ್ತು. ವಿಜ್ಞಾನ ನಗರಿಯಲ್ಲಿ ವಿಜ್ಞಾನವನ್ನು ಕಾಂಪೌಂಡಿನ ಆಚೆಯಿಂದ ಅನುಭವಿಸಬೇಕು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನೇ ದಾರಿ ಹುಡುಕಿಕೊಂಡು ಇಲ್ಲಿನ ಓಡುಹಾದಿಯ ಮೇಲೆ ಇಳಿಯಿತು. ನಿಜಕ್ಕೂ ಹೆಮ್ಮೆಯ ಸಾಧನೆ, ಇದರಲ್ಲಿ ವ್ಯಂಗ್ಯವಿಲ್ಲ. ಆದರೆ ಮರುವರ್ಷದ ಪರೀಕ್ಷೆಯ ವೇಳೆಗೆ ಅದಕ್ಕೆ ಪುಷ್ಪಕ್ ಎಂಬ ಹೆಸರು ಬಂದಿತ್ತು. ಪುರಾಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ಸಾವಿರಾರು ಎಕರೆಯ ಪುಷ್ಪಕದ ನಿಲ್ದಾಣದಲ್ಲಿ ಒಂದು ಕುರಿಹಿಂಡಿಗೆ ಜಾಗ ಉಳಿಯಲಿಲ್ಲವೆಂದರೆ ನಮ್ಮ ಪೂರ್ವಿಕರ ತಂತ್ರಜ್ಞಾನ ನಮಗಿಂತ ಮುಂದಿತ್ತೆಂದು ವಾದಿಸುವವರಿಗೆ ಕೊನೆಗೂ ಒಂದು ಪುರಾವೆ ಸಿಕ್ಕಂತಾಯಿತು.

ನಾಳೆ ಇನ್ನಾವುದೋ ಆಂಟೆನಾಕ್ಕೆ ಮತ್ತೆ ಮರದ ಗಾಡಿ ಬೇಕಾಗಬಹುದು. ಆಗ ಎತ್ತನ್ನು ಒಳಗೆ ಬಿಡಲು ದಾಖಲೆಯ ತೊಡಕೇನೂ ಬರಲಾರದು. ಸರ್ಕಾರ ಅದರ ಕಿವಿಗೆ ಹನ್ನೆರಡು ಅಂಕಿಯ ಓಲೆ ತೊಡಿಸಿದೆ, ಅದನ್ನು ಹೊಡೆದುಕೊಂಡು ಬರುವವನ ಬಳಿ ಹನ್ನೆರಡು ಅಂಕಿಯ ಆಧಾರ್ ಇದೆ. ಗೇಟಿನ ಪುಸ್ತಕದಲ್ಲಿ ಭೇಟಿಯ ಉದ್ದೇಶ ಎಂಬಲ್ಲಿ ಮೇಯಲು ಎಂದು ಬರೆಯದೆ, ಪರೀಕ್ಷಾರ್ಥ ಎಂದು ಬರೆದರೆ ಸಾಕು. ಒಳಗೆ ಹೋದ ಮೇಲೆ ಅದು ಬಾಯಿ ಹಾಕುವ ಹುಲ್ಲನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕೆಂಬುದನ್ನು ಲೆಕ್ಕಪತ್ರ ವಿಭಾಗವು ಈಗಲೇ ಇತ್ಯರ್ಥ ಮಾಡಿಟ್ಟುಕೊಳ್ಳುವುದು ಒಳ್ಳೆಯದು.