ಅಮೆರಿಕದ ಕಾಲೇಜುಗಳಿಗೆ ಸೊರೊರಿಟಿ ಇನ್ನೂ ಬೇಕೆ?

ಪರ: ಜಗಳವಾಡಿಯೂ ನೂರು ದಾಟಿದವರು

ಆಗಸ್ಟ್ ಬಂತೆಂದರೆ ಅಲಬಾಮಾದ ಹುಡುಗಿಯರು ಒಂದೇ ಬಣ್ಣದ ಬಟ್ಟೆ ತೊಟ್ಟು ಕುಣಿಯುವ ವಿಡಿಯೊಗಳು ಫೋನಿನ ತುಂಬ. ಸೊರೊರಿಟಿ ಎಂದರೆ ಕಾಲೇಜು ಹುಡುಗಿಯರ ಸಂಘ, ಆ ಕುಣಿತ ಅದರ ಭರ್ತಿಯ ಸಡಗರ. ಸೊರೊರಿಟಿ ಬೇಡ ಎನ್ನುವವರ ಅಧ್ಯಯನ ಬಹುಪಾಲು ಅಲ್ಲಿಗೇ ಮುಗಿದಿರುತ್ತದೆ. ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದ ಆಲ್ಫಾ ಚಾಪ್ಟರ್, ಅಂದರೆ ಮೊದಲ ಶಾಖೆಯ ಕಡೆಗೆ ಅವರು ತಲೆಹಾಕಿಯೂ ಮಲಗುವುದಿಲ್ಲ.

1908ರ ಜನವರಿ 15ರಂದು ಎಥೆಲ್ ಹೆಡ್ಜ್‌ಮನ್ ಮುಂದಾಳ್ತನದಲ್ಲಿ ಒಂಬತ್ತು ವಿದ್ಯಾರ್ಥಿನಿಯರು ಅಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ಕಪ್ಪು ಮಹಿಳೆಯರ ಮೊದಲ ಸೊರೊರಿಟಿ ಅದು. ನಾಲ್ಕೇ ವರ್ಷಕ್ಕೆ ಮನೆಯೊಳಗೆ ಬಿರುಕು: ಹೆಸರು, ಬಣ್ಣ, ಲಾಂಛನ ಎಲ್ಲ ಬದಲಾಗಲಿ ಎಂದು 22 ಮಂದಿ ಪಟ್ಟು ಹಿಡಿದರು. ಆಗಲೇ ಪದವಿ ಮುಗಿಸಿದ್ದ ಸದಸ್ಯೆ ನೆಲ್ಲಿ ಕ್ವಾಂಡರ್ ಒಪ್ಪಲಿಲ್ಲ. 1913ರ ಜನವರಿ 29ರಂದು ಹಳೆಯ ಹೆಸರನ್ನೇ ಕಾನೂನುಬದ್ಧವಾಗಿ ನೋಂದಾಯಿಸಿಬಿಟ್ಟರು. ಆ 22 ಮಂದಿಯೂ ಸುಮ್ಮನೆ ಕೂರಲಿಲ್ಲ. ಅದೇ ತಿಂಗಳ 13ಕ್ಕೇ ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದ್ದರು. ಮಾರ್ಚ್ 3ಕ್ಕೆ ಮಹಿಳಾ ಮತದಾನದ ಮೆರವಣಿಗೆಯಲ್ಲಿ ಬೀದಿಗಿಳಿದರು. ಎರಡೂ ಸಂಸ್ಥೆಗಳು ಇಂದಿಗೂ ಗಟ್ಟಿಯಾಗಿವೆ.

ಗಟ್ಟಿಯಾಗಿರಲು ಕಾರಣ ಹಾಡು-ಕುಣಿತವಲ್ಲ, ಲೆಕ್ಕಪತ್ರ. ಇಪ್ಪತ್ತರ ಹುಡುಗಿ ಬೆಸಿಲಿಯಸ್ ಆಗಿ ಸಭೆ ನಡೆಸುತ್ತಾಳೆ, ಗ್ರಾಮಟಿಯಸ್ ನಡಾವಳಿ ಬರೆಯುತ್ತಾಳೆ, ಟಾಮಿಯೂಕಸ್ ಸಂಘದ ಹಣ ನೋಡಿಕೊಳ್ಳುತ್ತಾಳೆ. ಓದು ಮುಗಿದರೂ ಸದಸ್ಯತ್ವ ಮುಗಿಯುವುದಿಲ್ಲ. ಊರೂರಿನ ಪದವೀಧರರ ಚಾಪ್ಟರುಗಳು ಅವಳನ್ನು ಸೇರಿಸಿಕೊಳ್ಳುತ್ತವೆ. 1986ರಲ್ಲಿ ಇದೇ ಆಲ್ಫಾ ಚಾಪ್ಟರ್ ಸೇರಿದ ಕಮಲಾ ಹ್ಯಾರಿಸ್ ಚುನಾವಣೆಗೆ ನಿಂತಾಗ ಆ ಜಾಲ ಎಂಥದೆಂದು ಎಲ್ಲರಿಗೂ ಕಂಡಿತು.

ಮಿಸಿಸಿಪಿಯ ಕೆಲಸವನ್ನಂತೂ ಹೇಳಲೇಬೇಕು. 1935ರ ಬೇಸಿಗೆಯಲ್ಲಿ ಡಾ. ಡೊರೊಥಿ ಫೆರಬೀ ನೇತೃತ್ವದ ಆಲ್ಫಾ ಕಪ್ಪಾ ಆಲ್ಫಾ ಸದಸ್ಯೆಯರು ಹೋಮ್ಸ್ ಕೌಂಟಿಯಲ್ಲಿ ಚಿಕಿತ್ಸಾ ಶಿಬಿರ ತೆರೆಯಲು ಹೊರಟರು. ಹತ್ತಿ ತೋಟದ ಒಡೆಯರು ಗೇಣಿದಾರರನ್ನು ಶಿಬಿರಕ್ಕೆ ಬಿಡಲೊಲ್ಲರು. ಸರಿ, ಶಿಬಿರವೇ ಕಾರು ಹತ್ತಿತು. ಮಕ್ಕಳಿದ್ದ ತೋಟಗಳಿಗೇ ಹೋಗಿ ಡಿಫ್ತೀರಿಯಾ, ಸಿಡುಬಿನ ಲಸಿಕೆ ಹಾಕಿದರು. ಈ ಕೆಲಸ 1942ರವರೆಗೂ ನಡೆಯಿತು. ಸರ್ಕಾರ ಮಾಡಬೇಕಾದ್ದನ್ನು ಚಂದಾ ಎತ್ತಿ ಮಾಡಿದ ಸಂಘವನ್ನು ಮುಚ್ಚಿ ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೆ?

ದುಡ್ಡಿನ ಮಾತು ಬಂದೇ ಬರುತ್ತದೆ. ಬರಲಿ, ಯಾವ ಸಂಘ ಪುಕ್ಕಟೆ? ಹೊಸಬರನ್ನು ಪೀಡಿಸುವ ಮಾತೂ ಬರುತ್ತದೆ. ಅದಕ್ಕೆ ದಾರಿಯಾದ ಪ್ಲೆಜಿಂಗ್ ಪದ್ಧತಿಯನ್ನು, ಅಂದರೆ ಸೇರುವ ಮುನ್ನ ಹೊಸಬರನ್ನು ಪರೀಕ್ಷೆಗೊಡ್ಡುವುದನ್ನು, ಕಪ್ಪು ಸೊರೊರಿಟಿಗಳು 1990ರಲ್ಲೇ ಕೈಬಿಟ್ಟವು. ಇನ್ನೇನು ಬೇಕು?

ವಿರೋಧ: ಪುಣ್ಯ ಒಬ್ಬರದು, ಖಾತೆ ಎಲ್ಲರದು

ಈ ಪಾಲು ನನಗೆ ವಹಿಸಿದ್ದು, ನಾನು ಕೇಳಿ ಪಡೆದದ್ದಲ್ಲ. ಹೊವಾರ್ಡ್ ಬಗ್ಗೆ ತಕರಾರೂ ಇಲ್ಲ. ಆದರೆ ಅಲ್ಲಿನ ಪುಣ್ಯವನ್ನು ದೇಶದ ಸೊರೊರಿಟಿಗಳೆಲ್ಲದರ ಖಾತೆಗೆ ಜಮೆ ಮಾಡುವುದು ಯಾವ ಲೆಕ್ಕ? 1990ರ ನಿಷೇಧವೂ ಕಾಗದದ ಮೇಲಿನದು. ಕದ್ದುಮುಚ್ಚಿ ನಡೆಯುವುದು ನಿಂತಿಲ್ಲ.

ದೊಡ್ಡ ಕ್ಯಾಂಪಸ್ಸುಗಳಲ್ಲಿ, ಬಿಳಿಯರೇ ಹೆಚ್ಚಿರುವ ಸೊರೊರಿಟಿಗಳ ಮನೆಗಳಿಗೆ ತರಗತಿ ಶುರುವಾಗುವ ಮೊದಲೇ ಭರ್ತಿ. ಸದಸ್ಯೆಯೊಬ್ಬಳು ಬಂದ ಹುಡುಗಿಯನ್ನು ಬಾಗಿಲಲ್ಲಿ ಕೈಹಿಡಿದು ಒಳಗೆ ಕರೆದೊಯ್ದು ಕೆಲವು ನಿಮಿಷ ಮಾತಾಡಿಸುತ್ತಾಳೆ. ಊರು, ವಿಷಯ, ಹವ್ಯಾಸ ಕೇಳುವಷ್ಟರಲ್ಲಿ ಇನ್ನೊಬ್ಬ ಸದಸ್ಯೆ ಬಂದು ಆ ಜಾಗದಲ್ಲಿ ನಿಲ್ಲುತ್ತಾಳೆ. ಇದಕ್ಕೆ ಬಂಪಿಂಗ್ ಎನ್ನುತ್ತಾರೆ. ಬಂದವಳು ಹೊರಟ ಮೇಲೆ ಅವಳಿಗೆ ಅಂಕ. ಸುತ್ತು ಕಳೆದಂತೆ ಮನೆಗಳು ಕಡಿಮೆ, ಅಳು ಜಾಸ್ತಿ. ಕೊನೆಯದು ಪ್ರೆಫರೆನ್ಸ್ ಸುತ್ತು. ಅದು ಮುಗಿದೊಡನೆ ತನ್ನ ಆಯ್ಕೆಗಳನ್ನು ಕ್ರಮವಾಗಿ ಬರೆದು ಸಹಿ ಹಾಕಬೇಕು. ಪಟ್ಟಿಯಲ್ಲಿದ್ದ ಮನೆಯೇ ಕರೆದಾಗ ಒಲ್ಲೆ ಎಂದರೆ ಆ ಕ್ಯಾಂಪಸ್ಸಿನ ಬೇರೆ ಮನೆಗೆ ಮುಂದಿನ ವರ್ಷದ ಭರ್ತಿಯವರೆಗೆ ಸೇರುವಂತಿಲ್ಲ. ಹದಿನೆಂಟರ ಹುಡುಗಿಗೆ ಇಷ್ಟು ಅವಸರವೇಕೆ?

ಗುಟ್ಟಿನ ಆಯ್ಕೆಯ ಫಲ 2013ರಲ್ಲಿ ಅಲಬಾಮಾದಲ್ಲಿ ಬಯಲಾಯಿತು. ಓದಿನಲ್ಲಿ ಯಾವ ಕೊರತೆಯೂ ಇಲ್ಲದ ಕಪ್ಪು ವಿದ್ಯಾರ್ಥಿನಿಗೆ ಹಳೆಯ ಸದಸ್ಯೆಯರು ಅಡ್ಡಗಾಲು ಹಾಕಿದರೆಂದು ಚಾಪ್ಟರಿನವರೇ ವಿದ್ಯಾರ್ಥಿ ಪತ್ರಿಕೆಗೆ ಹೇಳಿದರು. ವಿಶ್ವವಿದ್ಯಾಲಯ ಮಧ್ಯೆ ಬಂದ ಮೇಲಷ್ಟೇ ಬಾಗಿಲು ತೆರೆಯಿತು.

ಇನ್ನೊಂದು ತಮಾಷೆ. ಈ ಸೊರೊರಿಟಿ ಮನೆಗಳಲ್ಲಿ ಮದ್ಯ ನಿಷಿದ್ಧ. ಹಾಗಾಗಿ ಪಾರ್ಟಿ ಹುಡುಗರ ಸಂಘವಾದ ಫ್ರಟರ್ನಿಟಿಯಲ್ಲಿ. ಯಾರನ್ನು ಒಳಗೆ ಬಿಡಬೇಕು, ಲೋಟಕ್ಕೆ ಏನು ಬೆರೆಸಬೇಕು ಎಲ್ಲ ಹುಡುಗರ ಕೈಯಲ್ಲಿ. ಸೋದರಿಯರ ಸುರಕ್ಷತೆಗೆಂದು ಮಾಡಿದ ನಿಯಮ ಅವರನ್ನು ಸ್ವಂತ ಮನೆಯಿಂದ ಹೊರಗಟ್ಟಿತು.

ಮುಚ್ಚಿಸುವುದು ಹೇಗೆ ಎಂದರೆ ಉತ್ತರ ಸುಲಭವಿಲ್ಲ. ಹಾರ್ವರ್ಡ್ 2016ರಲ್ಲಿ ಹುಡುಗರದೇ ಅಥವಾ ಹುಡುಗಿಯರದೇ ಆದ ಸಂಘ ಸೇರುವವರಿಗೆ ದಂಡನೆಯ ನಿಯಮ ತಂದು 2020ರಲ್ಲಿ ಹಿಂದೆಗೆದುಕೊಂಡಿತು. ಕೆಲವು ಕ್ಯಾಂಪಸ್ಸುಗಳು ಭರ್ತಿಯನ್ನು ಎರಡನೇ ಸೆಮಿಸ್ಟರಿಗೆ ತಳ್ಳಿವೆ. ಅಷ್ಟು ಹೊತ್ತಿಗೆ ಹುಡುಗಿಗೆ ಗ್ರಂಥಾಲಯ ಎಲ್ಲಿದೆ, ಗೆಳತಿಯರು ಯಾರು ಎಂಬುದಾದರೂ ಗೊತ್ತಿರುತ್ತದೆ.