ವೀಮ್ಸ್ ಬೇ ನಿಲ್ದಾಣ: ಚಾವಣಿ ನೋಡಿದ್ದಾಯಿತು, ಇನ್ನು ಇಳಿಜಾರು ನೋಡಿ

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಓದಲು, ಕೆಲಸಕ್ಕೆ ಅಂತ ಹೋಗುವ ನಮ್ಮವರು ವಾರಾಂತ್ಯದಲ್ಲಿ ಕಡಲತಡಿಯ ವೀಮ್ಸ್ ಬೇ ರೈಲು ನಿಲ್ದಾಣಕ್ಕೆ ಹೋಗಿ, ಗಾಜಿನ ಚಾವಣಿಯ ಕೆಳಗೆ ನಿಂತು ಒಂದು ಫೋಟೋ ತೆಗೆದು, ಬಂದ ರೈಲಿಗೇ ವಾಪಸ್ ಹತ್ತಿಬಿಡುತ್ತಾರೆ. ಚಾವಣಿ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ನಿಲ್ದಾಣವನ್ನು ಅರ್ಧಕ್ಕೇ ಬಿಟ್ಟು ಬಂದ ಹಾಗಾಯಿತು. ಅದನ್ನು ಕಟ್ಟಿದ್ದು ನಿಂತು ನೋಡಲಿಕ್ಕಲ್ಲ, ರೈಲಿಳಿದ ಜನ ಹಡಗಿನವರೆಗೆ ಎಲ್ಲೂ ಎಡವದೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ನಡೆದು ಹೋಗಲಿ ಅಂತ. (ಇಂಗ್ಲಿಷ್ ಬರವಣಿಗೆ ನೋಡಿ 'ವೆಮಿಸ್' ಅನ್ನಬೇಡಿ. ಅಲ್ಲಿನವರ ಬಾಯಲ್ಲಿ ಅದು 'ವೀಮ್ಸ್'.)

ಕ್ಲೈಡ್ ನದಿ ಸಮುದ್ರ ಸೇರುವ ಕಡೆ ದ್ವೀಪಗಳಿವೆ, ದಡದುದ್ದಕ್ಕೂ ಪುಟ್ಟ ಊರುಗಳಿವೆ. ಗ್ಲಾಸ್ಗೋದ ಕಾರ್ಖಾನೆ ಜನಕ್ಕೆ ರಜೆ ಅಂದರೆ ಅಲ್ಲಿಗೇ. ಜುಲೈ ಎರಡನೇ ಅರ್ಧದ 'ಗ್ಲಾಸ್ಗೋ ಫೇರ್' ರಜೆಯಲ್ಲಿ ಇಡೀ ಊರೇ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿತ್ತು. ಹಾಗೆ ಹೋಗುವುದಕ್ಕೆ ಅವರಿಟ್ಟ ಹೆಸರು 'ಡೂನ್ ದ ವಾಟರ್', ಅಂದರೆ ನೀರಿನ ಜೊತೆ ಕೆಳಕ್ಕೆ. ಊರಿಂದಲೇ ಸ್ಟೀಮರ್ ಹತ್ತಿದರೆ ಹೊಲಸು ನದಿಯಲ್ಲಿ ನಿಧಾನದ ಪಯಣ. ಅರ್ಧ ದಾರಿ ರೈಲಿನಲ್ಲಿ ಹೋಗಿ ಅಲ್ಲಿಂದ ಹಡಗು ಹಿಡಿದರೆ ಸಮಯ ಉಳಿತಾಯ. 1841ರಲ್ಲಿ ಕ್ಲೈಡ್ ದಡದ ಬಂದರು ಊರು ಗ್ರೀನಕ್‌ಗೆ ರೈಲು ಬಂದದ್ದೇ ತಡ, ಈ ಲೆಕ್ಕ ಎಲ್ಲರಿಗೂ ಹೊಳೆಯಿತು.

ಒಂದೇ ತೊಡಕು. ಗ್ರೀನಕ್‌ನಲ್ಲಿ ನಿಲ್ದಾಣ ಒಂದು ಕಡೆ, ಹಡಗುಕಟ್ಟೆ ಇನ್ನೊಂದು ಕಡೆ. ನಡುವೆ ಈಸ್ಟ್ ಕೀ ಲೇನ್ ಅನ್ನುವ ಕೊಳಕು ಓಣಿ. ಮಕ್ಕಳು, ಸಾಮಾನು ಎಲ್ಲ ಹೊತ್ತುಕೊಂಡು ಆ ಓಣಿ ದಾಟಬೇಕು. ಮುಂದೆ ಕ್ಲೈಡ್ ದಡದಲ್ಲಿ ರೈಲು ಕಂಪನಿಗಳು ಅರ್ಧ ಶತಮಾನ ಜಗಳಾಡಿದ್ದು ಬಹುಪಾಲು ಈ ನಡಿಗೆಯ ಸಲುವಾಗಿಯೇ ಅನ್ನುವುದು ನನ್ನ ಅಭಿಪ್ರಾಯ. ಎಂಜಿನ್ ಎಷ್ಟು ಜೋರು ಓಡುತ್ತದೆ ಅನ್ನುವುದಕ್ಕಿಂತ ರೈಲಿನ ಬಾಗಿಲಿಂದ ಹಡಗಿನ ಹಲಗೆಗೆ ಎಷ್ಟು ಹೆಜ್ಜೆ ಅನ್ನುವುದರ ಮೇಲೆ ಟಿಕೆಟ್ ಮಾರಾಟವಾಗುತ್ತಿತ್ತು. 1865ರಲ್ಲಿ ವೀಮ್ಸ್ ಬೇಗೆ ಹಳಿ ಬಂತು, ಕಟ್ಟೆಯ ಪಕ್ಕದಲ್ಲೇ ನಿಲ್ದಾಣ, ರೈಲು ಓಡಿಸಿದ್ದು ಕೆಲೆಡೋನಿಯನ್ ಕಂಪನಿ. 1869ರಲ್ಲಿ ಎದುರಾಳಿ ಗ್ಲಾಸ್ಗೋ ಆ್ಯಂಡ್ ಸೌತ್ ವೆಸ್ಟರ್ನ್ ಕಂಪನಿಯ ರೈಲು ಗ್ರೀನಕ್‌ನಲ್ಲೇ, ಮುಂದೆ ಪ್ರಿನ್ಸಸ್ ಪಿಯರ್ ಅನ್ನಿಸಿಕೊಂಡ ಕಟ್ಟೆಯವರೆಗೆ ಬಂತು, ಅಲ್ಲೂ ರೈಲು ನಿಲ್ಲುವುದು ಹಡಗಿನ ಪಕ್ಕದಲ್ಲಿ. ಅದಕ್ಕೆ ಕೆಲೆಡೋನಿಯನ್ ಕಂಪನಿಯ ಉತ್ತರ, ಗ್ರೀನಕ್ ದಾಟಿದರೆ ಸಿಗುವ ಗೂರಕ್‌ನಲ್ಲಿ ಕಟ್ಟಿದ 1889ರ ನಿಲ್ದಾಣ. ಅದೇ ವರ್ಷ ಸ್ವಂತ ಹಡಗು ಕಂಪನಿಯನ್ನೂ ಕಟ್ಟಿಕೊಂಡಿತು.

ಈಗ ನಾವು ನೋಡುವ ವೀಮ್ಸ್ ಬೇ ಕಟ್ಟಡ 1903ರದ್ದು. ವಾಸ್ತುಶಿಲ್ಪಿ ಜೇಮ್ಸ್ ಮಿಲ್ಲರ್, ಎಂಜಿನಿಯರ್ ಡೊನಾಲ್ಡ್ ಮ್ಯಾಥೆಸನ್. ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣವನ್ನು ಹಿಗ್ಗಿಸಿದ್ದೂ ಇದೇ ಜೋಡಿ, ಹೆಚ್ಚುಕಡಿಮೆ ಅದೇ ಕಾಲಕ್ಕೆ. ಜನಸಂದಣಿ ನೀರಿನ ಹಾಗೆ, ಅಡ್ಡಿ ಕಡಿಮೆ ಇರುವ ಕಡೆ ತಾನಾಗಿ ಹರಿಯುತ್ತದೆ ಅನ್ನುವುದು ಮ್ಯಾಥೆಸನ್ ನಂಬಿಕೆ. ಸೆಂಟ್ರಲ್‌ನಲ್ಲಿ ಮರದ ಹಳೆಯ ಕೋಣೆಗಳ ಮೂಲೆಗಳೆಲ್ಲ ದುಂಡಗಿರುವುದನ್ನು ಗಮನಿಸಿದ್ದೀರಾ? ಕಾರಣ ಅದೇ. ಚೂಪು ಮೂಲೆ ಇದ್ದರೆ ಜನ ಅಲ್ಲಿ ತಡೆದು ನಿಲ್ಲುತ್ತಾರೆ, ಹಿಂದಿನವರು ಮುಂದಿನವರ ಮೇಲೆ ಬೀಳುತ್ತಾರೆ.

ವೀಮ್ಸ್ ಬೇಯಲ್ಲಿ ಆ ನಂಬಿಕೆಗೆ ಪೂರ್ತಿ ಜಾಗ ಸಿಕ್ಕಿತು. ರೈಲಿಳಿದರೆ ಪ್ಲಾಟ್‌ಫಾರ್ಮೇ ಬಾಗಿಕೊಂಡು ನಿಮ್ಮನ್ನು ಒಳಗೆ ತರುತ್ತದೆ. ಎದುರಿಗೆ ದುಂಡನೆಯ ಹಜಾರ, ನಟ್ಟನಡುವೆ ದುಂಡನೆಯ ಟಿಕೆಟ್ ಕೋಣೆ. ಚಾವಣಿಯ ಉಕ್ಕಿನ ಪಕ್ಕೆಲುಬುಗಳು ಈ ನಡುವಿನಿಂದಲೇ ಕೊಡೆಯ ಕಡ್ಡಿಗಳ ಹಾಗೆ ಹೊರಗೆ ಹರಡುತ್ತವೆ. ಭಾರವೆಲ್ಲ ಹೀಗೆ ಮಧ್ಯಕ್ಕೂ ಅಂಚಿಗೂ ಹಂಚಿಹೋಗುವುದರಿಂದ ಜನ ಓಡಾಡುವ ದಾರಿಗೆ ಕಂಬ ಅಡ್ಡ ಬರುವುದಿಲ್ಲ. ಫೋಟೋದಲ್ಲಿ ಎಲ್ಲರೂ ಮೆಚ್ಚುವ ಆ ಚಕ್ರಾಕಾರ ಹುಟ್ಟಿದ್ದು ಹೀಗೆ. ಹಜಾರ ದಾಟಿದರೆ ಅಗಲವಾದ, ಮುಚ್ಚಿದ, ಗಾಜಿನ ಬೆಳಕಿನ ದಾರಿ, ಅದೂ ಬಾಗಿಕೊಂಡು ಹಡಗುಕಟ್ಟೆಗೆ ಇಳಿಯುತ್ತದೆ. ಒಂದೂ ಮೆಟ್ಟಿಲಿಲ್ಲ, ಬರೀ ಇಳಿಜಾರು. ಮೆಟ್ಟಿಲಿದ್ದಿದ್ದರೆ ಪೆಟ್ಟಿಗೆ ಹೊತ್ತವರು, ಮಗು ಎತ್ತಿಕೊಂಡವರು ಅಲ್ಲಿ ಕ್ಷಣ ನಿಂತು ಕಾಲ ಬುಡ ನೋಡಬೇಕಾಗುತ್ತಿತ್ತು. ಸಾವಿರ ಜನ ಬಂದಾಗ ಆ ಒಂದು ಕ್ಷಣದಿಂದಲೇ ಸಾಲು ಬೆಳೆಯುವುದು. ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಇಂದಿಗೂ ಸಲೀಸಾಗಿ ಇಳಿಯುತ್ತವೆ. ಅಗಲ ಇಟ್ಟದ್ದಕ್ಕೂ ಲೆಕ್ಕವಿದೆ. ಹಡಗಿಗೆ ಹೋಗುವವರೂ ಹಡಗಿಂದ ಬರುವವರೂ ಒಂದೇ ಹೊತ್ತಿಗೆ ಎದುರಾಗುತ್ತಾರೆ. ಬಾಗಿದ ದಾರಿಯಾದ್ದರಿಂದ ತುದಿ ಒಂದೇ ನೋಟಕ್ಕೆ ಕಾಣುವುದಿಲ್ಲ, ಹಡಗು ಕಂಡಿತೆಂದು ಯಾರೂ ಓಟ ಕೀಳುವುದಿಲ್ಲ. ಈ ಕೊನೆಯ ಮಾತು ನನ್ನ ಊಹೆ, ಆದರೆ ನಡೆದು ನೋಡಿದವರಿಗೆ ನಿಜ ಅನ್ನಿಸುತ್ತದೆ.

ಸಮುದ್ರದ ಪಕ್ಕ ಉಕ್ಕು ಮತ್ತು ಗಾಜು ಕಟ್ಟಿದರೆ ಅನುಭವಿಸಬೇಕಾದ್ದೂ ಇದೆ. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದದ್ದು ಉಬ್ಬುತ್ತದೆ. ಗಾಜನ್ನು ಹಿಡಿದ ಪಟ್ಟಿ ಉಬ್ಬಿದರೆ ಗಾಜಿನ ಅಂಚು ಸೀಳುತ್ತದೆ, ಆ ಸೀಳಿನಿಂದ ನೀರು ಇಳಿದು ಇನ್ನಷ್ಟು ತುಕ್ಕು. ಹಬೆ ಎಂಜಿನ್ ಕಾಲದಲ್ಲಿ ಇದರ ಜೊತೆಗೆ ಕಲ್ಲಿದ್ದಲ ಮಸಿ ಬೇರೆ. 1967ರಲ್ಲಿ ಈ ಮಾರ್ಗಕ್ಕೆ ವಿದ್ಯುತ್ ಬಂದ ಮೇಲೆ ಮಸಿ ತಪ್ಪಿತು, ಉಪ್ಪು ತಪ್ಪಲಿಲ್ಲ. 2014ರಿಂದ 2016ರವರೆಗೆ ದೊಡ್ಡ ದುರಸ್ತಿ ನಡೆಯಿತು. ಕಟ್ಟಡ 'ಎ' ದರ್ಜೆಯ ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ ಮನಸ್ಸಿಗೆ ಬಂದ ಹಾಗೆ ತಗಡು ಹೊದಿಸಿ ಕೈತೊಳೆದುಕೊಳ್ಳುವಂತಿಲ್ಲ. ಪುಣ್ಯ.

ನನ್ನ ತಕರಾರು ಇರುವುದು ಹಳಿಯ ಬಗ್ಗೆ. ಪೋರ್ಟ್ ಗ್ಲಾಸ್ಗೋದಲ್ಲಿ ಗೂರಕ್ ಕವಲು, ವೀಮ್ಸ್ ಬೇ ಕವಲು ಬೇರೆಯಾಗುತ್ತವೆ. ಅಲ್ಲಿಂದ ಮುಂದೆ ವೀಮ್ಸ್ ಬೇ ಕಡೆಗೆ ಹೆಚ್ಚಿನ ದಾರಿ ಒಂಟಿ ಹಳಿ, ಎದುರುಬದುರು ರೈಲು ದಾಟಲು ನಡುವೆ ಲೂಪ್. ಸಾಮಾನ್ಯವಾಗಿ ಗಂಟೆಗೊಂದು ರೈಲು. ಹಡಗು 10 ನಿಮಿಷ ತಡವಾಗಿ ಬಂತು ಅನ್ನಿ. ಅದಕ್ಕಾಗಿ ರೈಲು ಕಾದರೆ ಎದುರಿನ ರೈಲು ಲೂಪಿನಲ್ಲಿ ಕಾಯಬೇಕು. ಹೊರಟ ರೈಲು ಪೋರ್ಟ್ ಗ್ಲಾಸ್ಗೋದಲ್ಲಿ ಗೂರಕ್ ರೈಲಿನ ಸರದಿಗೆ ಸಿಕ್ಕುತ್ತದೆ, ಪೇಸ್ಲಿಯಲ್ಲಿ ಏರ್‌ಶೈರ್ ಕಡೆಯ ರೈಲುಗಳ ಸರದಿಗೆ. 10 ನಿಮಿಷದ ತಡ ಮೂರು ಮಾರ್ಗಕ್ಕೆ ಹರಡುತ್ತದೆ. ಹಾಗಾಗಿ ರೈಲು ಕಾಯುತ್ತದೆ ಅನ್ನುವ ನಂಬಿಕೆ ಇಟ್ಟುಕೊಳ್ಳಬೇಡಿ. ಶರತ್ಕಾಲದಲ್ಲಿ ಇನ್ನೊಂದು ಕಾಟ. ಗ್ರೀನಕ್‌ನ ಹಿಂದಿನ ಗುಡ್ಡ ಏರುವ ದಾರಿ ಕಡಿದು. ಉದುರಿದ ಎಲೆ ಚಕ್ರಕ್ಕೆ ಸಿಕ್ಕಿ ಹಳಿಯ ಮೇಲೆ ಜಾರುವ ಪದರವಾಗುತ್ತದೆ, ಚಾಲಕರು ನಿಧಾನಿಸಲೇಬೇಕು. ನಡಿಗೆಯಲ್ಲಿ ನಿಮಿಷ ಉಳಿಸಲು ಅಷ್ಟೆಲ್ಲ ತಲೆ ಓಡಿಸಿದ ನಿಲ್ದಾಣಕ್ಕೆ ಬಂದು ಮುಂದಿನ ರೈಲಿಗೆ ಗಂಟೆ ಕಾಯುವುದು ನನಗಂತೂ ಹಿಡಿಸದು. ಗಾಜಿಗೆ ಹಣ ಸಿಕ್ಕಿತು, ಇನ್ನೊಂದು ಲೂಪಿಗೂ ಸಿಗಲಿ.

ಇದೇ ಮಾರ್ಗದಲ್ಲಿ ಐಬಿಎಂ ಹೆಸರಿನ ನಿಲ್ದಾಣವೊಂದಿತ್ತು, ಆ ಕಂಪನಿಯ ಕಾರ್ಖಾನೆಗೆ ಅಂತಲೇ 1978ರಲ್ಲಿ ತೆರೆದದ್ದು. ಕಾರ್ಖಾನೆ ಹೋಯಿತು, 2018ರ ಡಿಸೆಂಬರ್‌ನಿಂದ ರೈಲೂ ನಿಲ್ಲುವುದಿಲ್ಲ.

ಹೋಗುವವರಿಗೆ: ಗ್ಲಾಸ್ಗೋ ಸೆಂಟ್ರಲ್‌ನಲ್ಲಿ ಹತ್ತಿದರೆ ಒಂದು ಗಂಟೆಗೆ ತುಸು ಕಡಿಮೆ. ಟಿಕೆಟನ್ನು ವೀಮ್ಸ್ ಬೇಗೆ ಬೇಡ, ನೇರ ರಾಥ್ಸೇಗೆ ಕೇಳಿ, ರೈಲು ಹಡಗು ಎರಡಕ್ಕೂ ಒಂದೇ ಟಿಕೆಟ್ ಸಿಗುತ್ತದೆ. ರಾಥ್ಸೇ ಇರುವುದು ಬ್ಯೂಟ್ ದ್ವೀಪದಲ್ಲಿ. 2025ರ ಸೆಪ್ಟೆಂಬರ್‌ನಿಂದ ಅಲ್ಲಿನ ರೈಲು ಓಡಿಸುವ ಸ್ಕಾಟ್‌ರೈಲ್‌ನಲ್ಲಿ ಬೆಳಗ್ಗೆ ಸಂಜೆಯ ದುಬಾರಿ ದರ ಇಲ್ಲ, ಹೊತ್ತು ನೋಡಿ ಹೊರಡಬೇಕಾಗಿಲ್ಲ. ಹಡಗು ಕ್ಯಾಲ್‌ಮ್ಯಾಕ್ ಅನ್ನುವ ಕಂಪನಿಯದು, ದಾಟಲು 35 ನಿಮಿಷ, ನಡೆದು ಹತ್ತುವವರಿಗೆ ಮುಂಗಡ ಬುಕಿಂಗ್ ಬೇಕಿಲ್ಲ.

ಹೊರಡುವ ಮುನ್ನ ಗಾಳಿ ನೋಡಿ. ಗಾಳಿ ಜೋರಾದರೆ ವೀಮ್ಸ್ ಬೇ ಕಟ್ಟೆಗೆ ಹಡಗು ಕಟ್ಟುವುದು ಕಷ್ಟ, ಆಗ ಅದನ್ನು ಗೂರಕ್‌ಗೆ ತಿರುಗಿಸುವುದುಂಟು. ಕ್ಯಾಲ್‌ಮ್ಯಾಕ್ ಆ್ಯಪನ್ನು ಪೋರ್ಟ್ ಗ್ಲಾಸ್ಗೋ ಬರುವ ಮೊದಲೇ ತೆರೆದು ನೋಡಿ. ಅಲ್ಲಿ ಗೊತ್ತಾದರೆ ಇಳಿದು ಗೂರಕ್ ರೈಲು ಹಿಡಿಯಬಹುದು, ದಾಟಿದ ಮೇಲೆ ಗೊತ್ತಾದರೆ ವೀಮ್ಸ್ ಬೇಯಲ್ಲಿ ಬಸ್ಸಿಗೆ ಕಾಯಬೇಕು. ಕೊನೆಯ ಹಡಗಿನ ಹೊತ್ತನ್ನೂ ಬರೆದಿಟ್ಟುಕೊಳ್ಳಿ. ರಾತ್ರಿ ರೈಲು ಇದೆಯಲ್ಲ ಅಂತ ರಾಥ್ಸೇಯಲ್ಲಿ ಕೂತವರು ಮೋಸಹೋಗುತ್ತಾರೆ, ಕೊನೆಯ ಹಡಗು ಕೊನೆಯ ರೈಲಿಗಿಂತ ಸಾಕಷ್ಟು ಮೊದಲೇ ಹೊರಡುತ್ತದೆ. ಬೇಸಿಗೆ, ಚಳಿಗಾಲದ ವೇಳಾಪಟ್ಟಿಗಳೂ ಬೇರೆ ಬೇರೆ. ವಾಪಸ್ ಬರುವಾಗ ಹಡಗಿಂದ ಇಳಿದು ಆ ಇಳಿಜಾರನ್ನು ಏರಿ ಬನ್ನಿ, ಕ್ಯಾಮೆರಾ ಆಗ ತೆಗೆಯಿರಿ. ಬಾಗಿದ ದಾರಿ ಮುಗಿದು ದುಂಡು ಹಜಾರ ತೆರೆದುಕೊಳ್ಳುವ ಆ ತಿರುವು ರೈಲಿನ ಕಡೆಯಿಂದ ಬಂದರೆ ಸಿಗುವುದಿಲ್ಲ.