ಚಪ್ಪಟೆ ಮಾಡು, ಚಾಚಿದ ಸೂರು

ಇಂಗ್ಲೆಂಡಿನಲ್ಲಿ ಹಿತ್ತಲಿನ ಗಡಿಯಿಂದ 2 ಮೀಟರಿನೊಳಗೆ ಶೆಡ್ಡು ಕಟ್ಟುವವರು, ಅನುಮತಿಯ ಗೋಜಿಗೆ ಹೋಗದೆ 2.5 ಮೀಟರಿಗಿಂತ ಮೇಲೆ ಏರುವಂತಿಲ್ಲ. ಲೀಡ್ಸ್‌ನಲ್ಲಿ ಮರಗೆಲಸಕ್ಕೆಂದು ನಾನು ಕಟ್ಟಿಕೊಂಡ ಕೊಠಡಿಯ ಮಾಡು ಚಪ್ಪಟೆಯಾಗಿರುವುದು ಇದೇ ಕಾರಣಕ್ಕೆ. ಚಿಕ್ಕಮಗಳೂರಿನ ಕಡೂರು ರಸ್ತೆಯ ಕಡೆ ಧಾರಾಳ ಜಾಗವಿದ್ದರೂ ನನ್ನ ಚಿಕ್ಕಪ್ಪನ ಮಗ ತನ್ನ ಕೈಯಾರೆ ಕಟ್ಟಿದ ವರ್ಕ್‌ಶಾಪಿಗೆ ಅಂಥದ್ದೇ ಮಾಡು ಹಾಕಿದ್ದಾನೆ: ಕಬ್ಬಿಣದ ಜಂತೆಗಳ ಮೇಲೆ ಇಳಿಜಾರು ಇದ್ದೂ ಇಲ್ಲದಂಥ ತಗಡಿನ ಶೀಟು, ಗೋಡೆಯಿಂದ ಎರಡೂವರೆ ಅಡಿ ಹೊರಚಾಚಿದ ಸೂರು. ಸೂರಿನ ಬಗ್ಗೆ ನನ್ನ ತಕರಾರಿಲ್ಲ. ಶೀಟಿನ ಅಡಿಗೆ ಅಂಟಿಸಿರುವ ಥರ್ಮೋಕೋಲ್ ಬಗ್ಗೆ ಇದೆ.

ಡಿಸೆಂಬರ್ ಬೆಳಗ್ಗೆ ಅವನ ರಂದಾ ಯಂತ್ರದ ಎರಕದ ಹಾಸನ್ನು ನೋಡಬೇಕು. ಒಂದೇ ಸಾಲಿನಲ್ಲಿ ತುಕ್ಕಿನ ಚುಕ್ಕೆಗಳು; ತಲೆಯೆತ್ತಿದರೆ ನೇರ ಮೇಲೆ ಜಂತೆ. ತಿಳಿಯಾದ ರಾತ್ರಿಯಲ್ಲಿ ತಗಡು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಥರ್ಮೋಕೋಲ್ ಹಲಗೆಗಳ ಸಂದಿಯಲ್ಲಿ ನುಗ್ಗಿದ ತೇವದ ಗಾಳಿ ಅದಕ್ಕೆ ತಗುಲಿ ಹನಿಗಟ್ಟುತ್ತದೆ. ಹನಿ ಇಳಿಜಾರಿನಲ್ಲಿ ಜಾರಿ ಜಂತೆಗೆ ತಡೆದು ಕೆಳಗೆ ಬೀಳುತ್ತದೆ. ಮಾಡು ಸೋರುತ್ತಿದೆ ಎಂದುಕೊಂಡು ಅವನು ಸ್ಕ್ರೂಗಳಿಗೆಲ್ಲ ಸೀಲಂಟ್ ಬಳಿಸಿದ್ದ. ಮಳೆಯೇ ಇಲ್ಲದ ತಿಂಗಳಲ್ಲಿ ಸೋರಿಕೆ ಎಲ್ಲಿಂದ ಬರಬೇಕು!

ಇಂಗ್ಲೆಂಡಿನವರು ಈ ಹನಿಯ ಕಾಟಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. ಮೊದಲನೆಯದು ತಣ್ಣನೆಯ ಮಾಡು: ಉಷ್ಣನಿರೋಧಕವನ್ನು ಜಂತೆಗಳ ನಡುವೆ ತುಂಬಿ, ಅದರ ಮೇಲೆ 50 ಮಿಲಿಮೀಟರ್ ಗಾಳಿಯ ಜಾಗ ಬಿಟ್ಟು, ಆ ಗಾಳಿ ಸೂರಿನ ಎರಡೂ ಬದಿಯಿಂದ ಆಡುವಂತೆ ಮಾಡುವುದು. ಎರಡನೆಯದು ಬೆಚ್ಚನೆಯ ಮಾಡು: ಪ್ಲೈವುಡ್ ಹಾಸಿ, ಆವಿತಡೆ ಹಾಳೆ ಹೊದಿಸಿ, ನಿರೋಧಕ ಹಲಗೆಗಳನ್ನು ಅದರ ಮೇಲೆ ಕೂರಿಸಿ, ಕೊನೆಗೆ ರಬ್ಬರ್ ಹೊದಿಕೆ. ನನ್ನದು ಎರಡನೆಯದು. ಅದರಲ್ಲಿ ತಲೆನೋವು ಸೂರೇ. ಮರದ ಜಂತೆ ಗೋಡೆ ದಾಟಿ ಹೊರಗೆ ಹೋಗುವುದರಿಂದ ಜಂತೆಗಳ ನಡುವೆ, ಗೋಡೆಯ ನೆತ್ತಿಯಲ್ಲಿ, ನಿರೋಧಕದ ತುಂಡುಗಳನ್ನು ಬಿಗಿಯಾಗಿ ತುರುಕದಿದ್ದರೆ ಚಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಗೋಡೆಯಾಚೆಗಿನ ಸೂರಿಗೂ ದುಬಾರಿ ಹಲಗೆ ಹಾಸುವುದು ಬಯಲಿಗೆ ಕಂಬಳಿ ಹೊದಿಸಿದ ಹಾಗೆ. ಅಲ್ಲಿ ಮಟ್ಟ ಸಮ ಮಾಡಲು ಮರದ ಪಟ್ಟಿ ಸಾಕು.

ಇದನ್ನೆಲ್ಲ ಹಾಗೆಯೇ ಊರಿಗೆ ಹೊತ್ತುಕೊಂಡು ಬರಬೇಕೆಂದು ನಾನು ಹೇಳುವುದಿಲ್ಲ. ಲೀಡ್ಸ್‌ನಲ್ಲಿ ಡಿಸೆಂಬರ್ ನಡುಮಧ್ಯಾಹ್ನದ ಸೂರ್ಯ ಏರುವುದೇ 13 ಡಿಗ್ರಿಯಷ್ಟು. ಅಲ್ಲಿಯ ಗುರಿ ಹೀಟರಿನ ಶಾಖವನ್ನು ಒಳಗೆ ಹಿಡಿದಿಡುವುದು. ಚಿಕ್ಕಮಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಗೋಡೆಗಿಂತ ಮಾಡೇ ಹೆಚ್ಚು ಕಾಯುತ್ತದೆ. ಹೀಟರ್ ಇಲ್ಲ, ಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ತೇವದಲ್ಲಿ ಅಷ್ಟೇನೂ ಅಂತರವಿರದ ಮೇಲೆ, ಅಲ್ಲಿಯವರು ಜೀವ ಬಿಡುವ ಆವಿತಡೆ ಹಾಳೆಗೆ ಇಲ್ಲಿ ಅಷ್ಟು ಮಹತ್ವವಿಲ್ಲ. ತಗಡಿಗೆ ಬಿಳಿ ಬಣ್ಣ ಹೊಡೆದರೆ ಅರ್ಧ ಜಗಳ ಅಗ್ಗದಲ್ಲೇ ಮುಗಿಯುತ್ತದೆ. ಅದನ್ನು ಮೊದಲು ಮಾಡಲಿ.

ಉಳಿದರ್ಧಕ್ಕೆ ನಾನು ಇಂಗ್ಲೆಂಡಿನ ಎರಡೂ ದಾರಿಗಳನ್ನು ಬೆರೆಸುತ್ತೇನೆ. ಜಂತೆಯ ಮೇಲೆ ಪ್ಲೈವುಡ್, ಅದರ ಮೇಲೆ ರಾಕ್‌ವುಲ್ (ಕಲ್ಲು ಕರಗಿಸಿ ಎಳೆದ ನಾರಿನ) ಹಲಗೆ, ಆಮೇಲೆ ರೀಪು ಹೊಡೆದು ಶೀಟನ್ನು ಎತ್ತಿ ಕೂರಿಸುವುದು. ಶೀಟಿನಡಿ ಹನಿಗಟ್ಟಿದರೂ ಅದು ಯಂತ್ರದ ಮೇಲೆ ಬೀಳದಂತೆ ರಾಕ್‌ವುಲ್ ಮೇಲೊಂದು ನೀರು ತಡೆದು ಆವಿ ಬಿಡುವ ಹಾಳೆ ಹಾಸಿ, ಅದರ ಅಂಚನ್ನು ಸೂರಿನಾಚೆಗೆ ಇಳಿಬಿಡಬೇಕು. ರೀಪುಗಳ ನಡುವೆ ಗಾಳಿ ಸೂರಿನಡಿಯಿಂದ ಒಳಹೊಕ್ಕು ಎದುರು ಸೂರಿನಿಂದ ಹೊರಡುತ್ತದೆ. ಬಾಯಿ ಕೆಳಮುಖವಾಗಿರಲಿ, ಇಲಿ ನುಗ್ಗದಂತೆ ಜಾಲರಿ ಇರಲಿ; ಆಷಾಢದ ಗಾಳಿಮಳೆ ಅಡ್ಡಲಾಗಿ ಬರುವ ಮೂಡಿಗೆರೆ, ಸಕಲೇಶಪುರದ ಕಡೆ ಸೂರನ್ನು ಇನ್ನೊಂದಡಿ ಚಾಚಬಹುದು. ಅರಸೀಕೆರೆಗೂ ಸಕಲೇಶಪುರಕ್ಕೂ ಒಂದೇ ಸೂರು ಹೇಳುವ ಮೇಸ್ತ್ರಿಯನ್ನು ನಂಬಬಾರದು, ಎರಡೂ ಹಾಸನ ಜಿಲ್ಲೆಯಲ್ಲೇ ಇದ್ದರೂ.

ಚಪ್ಪಟೆ ಮಾಡಿಗೆ ಚಾಚಿದ ಸೂರು ನಮಗೇನೂ ಹೊಸತಲ್ಲ. 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರು ನಿಂತಿರುವುದು ಅಂಥದ್ದೇ ಕಲ್ಲಿನ ಸೂರಿನ ಅಡಿಯಲ್ಲಿ. ನಮ್ಮ ಈಚಿನ ತಾರಸಿ ಕಟ್ಟಡಗಳಲ್ಲಿ ಸೂರು ಕಿಟಕಿಯ ಮೇಲಿನ ಗೇಣುದ್ದದ ಸಜ್ಜಾ ಆಗಿ ಕುಗ್ಗಿತು. ಗೋಡೆ ಪಾಚಿ ಕಟ್ಟಿತು. ಕೊನೆಗೆ ತಾರಸಿಯ ಮೇಲೇ ಶೀಟಿನ ಇನ್ನೊಂದು ಮಾಡು ಎದ್ದಿತು.

ತಮ್ಮನ ವಾದ ಖರ್ಚಿನದು: ಥರ್ಮೋಕೋಲ್ ಅಗ್ಗ, ರಾಕ್‌ವುಲ್ ದುಬಾರಿ. ಒಪ್ಪುತ್ತೇನೆ. ಆದರೆ ಅದೇ ಮಾಡಿನ ಕೆಳಗೆ, ಮೂಲೆಯಲ್ಲಿ, ಅವನು ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಥರ್ಮೋಕೋಲ್ ಕಿಡಿಗೆ ಕರಗಿ ಉರಿಯುತ್ತದೆ, ರಾಕ್‌ವುಲ್ ಉರಿಯುವುದಿಲ್ಲ. ಇಡೀ ಮಾಡಿಗೆ ಈ ವರ್ಷ ಆಗದಿದ್ದರೆ ಆ ಮೂಲೆಯಿಂದಲೇ ಶುರು ಮಾಡಲಿ.